ಮಗುವಿಗೆ ಕ್ರೋಶಾ ಆಟಿಕೆ: ಆನೆಮರಿ ಆಮೇಲೆ, ಮೊದಲು ಒಂದು ಕಿತ್ತಳೆ

ಮಡಿಕೇರಿಯ ನಮ್ಮ ಮನೆ ಜಗಲಿಗೆ ಕ್ರೋಶಾ ಕಲಿಯಲು ಬರುವವರ ಚೀಲದಲ್ಲಿ ಹೆಚ್ಚಾಗಿ ಒಂದು ಅರ್ಧ ಆನೆ ಇರುತ್ತದೆ. ತಲೆ ಆಗಿದೆ, ಹೊಟ್ಟೆ ಆಗಿದೆ, ಎರಡನ್ನೂ ಸೇರಿಸಲು ಬರುತ್ತಿಲ್ಲ. ಇಲ್ಲವೇ ಸೇರಿಸಿದ್ದಾರೆ, ಎಳೆದರೆ ಕಿವಿ ಕೈಗೇ ಬರುತ್ತದೆ. ಇಲ್ಲವೇ ಹೊಟ್ಟೆಯ ತೂತುಗಳಲ್ಲಿ ಒಳಗಿನ ಬಿಳಿ ಫೈಬರ್ ಇಣುಕುತ್ತಿದೆ. ಎಲ್ಲರದ್ದೂ ಒಂದೇ ಮಾತು: "ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದೆ, ಅಕ್ಕಾ."

ಮಾಡಿರುತ್ತಾರೆ, ಸುಳ್ಳಲ್ಲ. ಆದರೆ ಆನೆ ಎಂದರೆ ತಲೆ, ಹೊಟ್ಟೆ, ನಾಲ್ಕು ಕಾಲು, ಎರಡು ಕಿವಿ, ಸೊಂಡಿಲು, ಬಾಲ. ಹತ್ತು ತುಂಡು, ಒಂಬತ್ತು ಜೋಡಣೆ. ಒಂಬತ್ತರಲ್ಲಿ ಒಂದು ಬಿಟ್ಟುಕೊಂಡರೂ ಅದು ಹೋಗುವುದು ಮಗುವಿನ ಬಾಯಿಗೆ. ನಾನೂ ಮೊದಲು ಮಾಡಿದ್ದು ಆನೆಯೇ. ತಂಗಿಯ ಮಗನಿಗೆ ಆಗ ಎಂಟು ತಿಂಗಳು. ಒಂದು ಮಧ್ಯಾಹ್ನ ನೋಡಿದರೆ ಏನೂ ಕೊಡದೆ ಅವನ ದವಡೆ ಆಡುತ್ತಿದೆ. ಬೆರಳು ಹಾಕಿ ತೆಗೆದರೆ ಆನೆಯ ಬಾಲ.

ಅದಕ್ಕೇ ಇಲ್ಲಿ ಕಿತ್ತಳೆ ಮಾಡೋಣ. ಒಂದು ಉಂಡೆ, ಒಂದು ಎಲೆ. ಕಣ್ಣಿಲ್ಲ, ಕಾಲಿಲ್ಲ. ನಮ್ಮ ಕೊಡಗಿನ ಕಿತ್ತಳೆ ಹೇಗೂ ಪೂರ್ತಿ ದುಂಡಗಿರುವುದಿಲ್ಲ. ಮೇಲೆ ಕೆಳಗೆ ಸ್ವಲ್ಪ ಚಪ್ಪಟೆ, ಬಣ್ಣದಲ್ಲೂ ಅಲ್ಲಲ್ಲಿ ಹಸಿರು. ಹಾಗಾಗಿ ಮೊದಲನೆಯದು ಸ್ವಲ್ಪ ಸೊಟ್ಟಗಾದರೂ ನಡೆಯುತ್ತದೆ.

## ಬೇಕಾದ ಸಾಮಾನು

ದಾರ: 8 ಪ್ಲೈ ಕಾಟನ್ ದಾರ, ಕಿತ್ತಳೆ ಬಣ್ಣದ್ದು ಒಂದು ಉಂಡೆ, ಹಸಿರು ಸ್ವಲ್ಪ. 50 ಗ್ರಾಂ ಉಂಡೆಯಲ್ಲಿ ಆರಾಮಾಗಿ ಮೂರು ಹಣ್ಣು ಆಗುತ್ತವೆ. ಇಲ್ಲಿನ ಅಂಗಡಿಗಳಲ್ಲಿ "ಉಲ್ಲನ್" ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಅದರಲ್ಲೂ ಮಾಡಬಹುದು, ಬೇಗ ಒಣಗುತ್ತದೆ ಕೂಡ. ಆದರೆ ಜಗಿದು ಜಗಿದು ನವಿರು ಎದ್ದು ಬರುತ್ತದೆ. ಮೈಸೂರಿಗೆ ಹೋದಾಗ ಕಾಟನ್ ತಂದಿಟ್ಟುಕೊಳ್ಳುವುದು ಒಳ್ಳೆಯದು. ಕೂದಲು ಕೂದಲಾಗಿ ಮೃದುವಾಗಿರುವ ದಾರ, ಮಿನುಗುವ ಜರಿ ಇರುವ ದಾರ ಎರಡೂ ಬೇಡವೇ ಬೇಡ.

ಕ್ರೋಶಾ ಕಡ್ಡಿ: 3 ಮಿಮೀ. ದಾರದ ಲೇಬಲ್ ಮೇಲೆ 4 ಮಿಮೀ ಎಂದು ಬರೆದಿರಬಹುದು. ಅದು ಸ್ವೆಟರ್, ಶಾಲಿನ ಲೆಕ್ಕ. ಆಟಿಕೆಗೆ ಅದಕ್ಕಿಂತ ಚಿಕ್ಕ ಕಡ್ಡಿಯೇ ಬೇಕು.

ತುಂಬಲು: ಪಾಲಿಯೆಸ್ಟರ್ ಫೈಬರ್. ಮನೆಯಲ್ಲಿ ಬೂರುಗದ ಹತ್ತಿ ಇದೆ ಎಂದು ಅದನ್ನು ತುಂಬಬೇಡಿ. ಒಗೆದ ಮೇಲೆ ಗಂಟು ಗಂಟಾಗುತ್ತದೆ, ನಮ್ಮ ಮಳೆಗಾಲದಲ್ಲಿ ಒಳಗೇ ಬೂಸ್ಟು ಹಿಡಿಯುತ್ತದೆ. ಅಕ್ಕಿ, ಹೆಸರುಕಾಳು, ಕಾಳುಮೆಣಸು, ಗೆಜ್ಜೆ ಯಾವುದೂ ಒಳಗೆ ಹೋಗಬಾರದು. ಹೆಸರುಕಾಳು ತುಂಬಿದ್ದ ಒಂದು ಗೊಂಬೆ ಜುಲೈಯಲ್ಲಿ ಮೊಳಕೆ ಒಡೆದದ್ದನ್ನು ನಾನೇ ನೋಡಿದ್ದೇನೆ.

ಉಳಿದದ್ದು: ಮೊಂಡು ತುದಿಯ ದಪ್ಪ ಸೂಜಿ, ಕತ್ತರಿ, ಪೆನ್ಸಿಲ್, ಕಾಗದ, ಬೇರೆ ಬಣ್ಣದ ದಾರದ ಒಂದು ತುಂಡು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅದೂ ಇರಲಿ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಕೂರುವ ಮೊದಲು ಸೂಜಿ, ಪಿನ್ ಎಷ್ಟಿವೆ ಎಂದು ಎಣಿಸಿ ಬರೆದಿಡಿ. ಏಳುವಾಗ ಮತ್ತೆ ಎಣಿಸಿ. ಆಟಿಕೆಯೊಳಗೆ ಒಂದು ಪಿನ್ ಉಳಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

## ಹಂತ 1: ದಾರದ ಬಣ್ಣ ಪರೀಕ್ಷೆ

ಇದನ್ನು ಎಲ್ಲರೂ ಬಿಡುತ್ತಾರೆ. ಒಂದು ಗೇಣು ದಾರ ಕತ್ತರಿಸಿ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಆಮೇಲೆ ಬಿಳಿ ಬಟ್ಟೆಯ ನಡುವೆ ಇಟ್ಟು ಗಟ್ಟಿಯಾಗಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇಡ, ಬಾಗಿಲ ತೋರಣಕ್ಕೆ ಇಟ್ಟುಕೊಳ್ಳಿ. ಕೆಂಪು ಮತ್ತು ಕಡು ಬಣ್ಣಗಳಲ್ಲಿ ಈ ತೊಂದರೆ ಜಾಸ್ತಿ.

ಕಡು ಬಣ್ಣ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು, ಕರೆಂಟೂ ಇರುವುದಿಲ್ಲ. ಕಪ್ಪು, ಕಡುನೀಲಿ ದಾರದಲ್ಲಿ ಸ್ಟಿಚ್ ಕಾಣುವುದೇ ಇಲ್ಲ.

## ಹಂತ 2: ಸಿಂಗಲ್ ಕ್ರೋಶಾ, ಆದರೆ ಬಿಗಿಯಾಗಿ

ಎಲೆ ಬಿಟ್ಟರೆ ಇಡೀ ಕಿತ್ತಳೆಗೆ ಬೇಕಾಗುವುದು ಸಿಂಗಲ್ ಕ್ರೋಶಾ ಒಂದೇ. ಮನೆ ಎಂದರೆ ಕೆಳಗಿನ ಸಾಲಿನ ಸ್ಟಿಚ್‌ನ ತಲೆ, ಅಲ್ಲಿರುವ ಎರಡು ಎಳೆಗಳ ಕೆಳಗಿನ ಸಂದು. ಕಡ್ಡಿಯನ್ನು ಮನೆಯೊಳಗೆ ಹಾಕಿ ದಾರ ಎಳೆದು ತನ್ನಿ, ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತದೆ. ಮತ್ತೆ ದಾರ ಹಿಡಿದು ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ.

ವಿಡಿಯೋ ನೋಡಿ ಕಲಿಯುವವರು ಇಲ್ಲಿ ಮೋಸ ಹೋಗುತ್ತಾರೆ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟನ್‌ನವರು ಡಬಲ್ ಕ್ರೋಶಾ ಎನ್ನುತ್ತಾರೆ. ಬ್ರಿಟನ್‌ನವರ ಮಾದರಿಯಲ್ಲಿ "ಡಬಲ್" ಎಂದಿದ್ದನ್ನು ಅಮೆರಿಕದ ವಿಡಿಯೋ ನೋಡಿಕೊಂಡು ಹಾಕಿದರೆ ಸ್ಟಿಚ್ ಉದ್ದವಾಗಿ, ಮಧ್ಯೆ ಬೆರಳು ತೂರುವಷ್ಟು ಸಂದು ಬರುತ್ತದೆ. ಈ ಲೇಖನದಲ್ಲಿ ಸಿಂಗಲ್ ಎಂದರೆ ಮೇಲೆ ಹೇಳಿದ ಗಿಡ್ಡ ಸ್ಟಿಚ್.

ಸೀರೆ ಕುಚ್ಚು ಹಾಕಿ ಪಳಗಿದವರಿಗೆ ಇದು ಸುಲಭ ಅನ್ನಿಸುತ್ತದೆ. ಆದರೆ ನಾನು ನೋಡಿದ ಹಾಗೆ ಹೆಚ್ಚು ಕಷ್ಟಪಡುವವರೂ ಅವರೇ. ಕುಚ್ಚು ಇಳಿಬೀಳಬೇಕು, ಅದಕ್ಕೆ ಕೈ ಸಡಿಲವಾಗಿ ಓಡುವುದು ಅಭ್ಯಾಸ. ಆಟಿಕೆಗೆ ಕೈ ಬಿಗಿಯಿರಬೇಕು. ಇದಕ್ಕೊಂದು ಉಪಾಯ: ಮನೆಯೊಳಗೆ ಕಡ್ಡಿ ಹಾಕಿದ ಮೇಲೆ ದಾರವನ್ನು ಕಡ್ಡಿಗೆ ಸುತ್ತಬೇಡಿ. ಕಡ್ಡಿಯ ಕೊಕ್ಕೆಯನ್ನು ದಾರದ ಮೇಲಿನಿಂದ ಇಳಿಸಿ, ದಾರವನ್ನು ಕೊಕ್ಕೆಗೆ ಸಿಕ್ಕಿಸಿ ನೇರ ಎಳೆಯಿರಿ. ಆಗ ಸ್ಟಿಚ್ ಎದುರಿನಿಂದ ಗುಣಾಕಾರದ ಗುರುತಿನ ಹಾಗೆ ಕಾಣುತ್ತದೆ, ಸಂದು ಕಡಿಮೆ.

ಮೊದಲು ಎರಡು ಇಂಚಿನ ಒಂದು ಚೌಕ ಹಾಕಿ. ಅದರ ಹಿಂದೆ ಬೆರಳಿಟ್ಟು ಹಿಗ್ಗಿಸಿ. ಸ್ಟಿಚ್ ನಡುವೆ ಬೆರಳಿನ ಚರ್ಮ ಕಾಣುತ್ತಿದೆಯಾ? ಹಾಗಿದ್ದರೆ 2.5 ಮಿಮೀ ಕಡ್ಡಿಗೆ ಇಳಿಯಿರಿ. ಕಡ್ಡಿಯನ್ನು ಮನೆಯೊಳಗೆ ತೂರಿಸಲು ಮಣಿಕಟ್ಟು ನೋಯುತ್ತಿದೆಯಾ? ಬಿಗಿ ಜಾಸ್ತಿಯಾಯಿತು.

## ಹಂತ 3: ಎರಡು ಸುತ್ತಿನ ಮ್ಯಾಜಿಕ್ ರಿಂಗ್

ಕಿತ್ತಳೆಯ ನೆತ್ತಿ ಇಲ್ಲಿಂದ ಶುರು. ಮ್ಯಾಜಿಕ್ ರಿಂಗ್ ಎಂದರೆ ಬಾಲ, ಅಂದರೆ ದಾರದ ಬಿಡಿ ತುದಿ, ಎಳೆದರೆ ಮುಚ್ಚಿಕೊಳ್ಳುವ ದಾರದ ಬಳೆ. ಒಂದು ಸುತ್ತಿನ ರಿಂಗ್ ಮಾಡಿ ಬಾಲದ ದಾರವನ್ನು ಗಿಡ್ಡ ಕತ್ತರಿಸಿದರೆ ಎರಡು ಸಲ ಒಗೆಯುವಷ್ಟರಲ್ಲಿ ನೆತ್ತಿ ಬಾಯಿಬಿಡುತ್ತದೆ. ಮಗುವಿನ ಆಟಿಕೆಗೆ ಎರಡು ಸುತ್ತಿನ ರಿಂಗ್ ಹಾಕಿ.

ತೋರುಬೆರಳಿಗೆ ದಾರವನ್ನು ಎರಡು ಸಲ ಸುತ್ತಿ. ಬಾಲ ಒಂದು ಗೇಣಾದರೂ ಇರಲಿ. ಎರಡೂ ಎಳೆಗಳ ಕೆಳಗೆ ಕಡ್ಡಿ ಹಾಕಿ ದಾರ ಎಳೆದು ಒಂದು ಚೈನ್ ಹಾಕಿ (ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರ ಒಮ್ಮೆ ಎಳೆಯುವುದು), ಆಮೇಲೆ ರಿಂಗ್‌ನೊಳಗೆ 6 ಸಿಂಗಲ್ ಕ್ರೋಶಾ. ಆ ಚೈನನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ರಿಂಗ್ ಮುಚ್ಚುವುದು. ಸುಮ್ನೆ ಬಾಲ ಹಿಡಿದು ಜಗ್ಗಿದರೆ ಒಂದು ಕುಣಿಕೆ ಮಾತ್ರ ಬಿಗಿಯಾಗಿ ಇನ್ನೊಂದು ಹಾಗೇ ನಿಲ್ಲುತ್ತದೆ. ದಾರ ತುಂಡಾಯಿತೇನೋ ಎಂದು ಅಲ್ಲಿಗೇ ಬಿಟ್ಟವರಿದ್ದಾರೆ. ಹೀಗೆ ಮಾಡಿ: ಬಾಲವನ್ನು ಮೆಲ್ಲಗೆ ಎಳೆದು ಎರಡರಲ್ಲಿ ಯಾವ ಕುಣಿಕೆ ಅಲ್ಲಾಡುತ್ತದೆ ನೋಡಿ. ಆ ಕುಣಿಕೆಯನ್ನೇ ಹಿಡಿದು ಎಳೆಯಿರಿ, ಇನ್ನೊಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಾಲ ಎಳೆದರೆ ಇದೂ ಮುಚ್ಚುತ್ತದೆ.

## ಹಂತ 4: ಸುತ್ತು ಹೆಚ್ಚಿಸುವುದು

ಇನ್ನು ಮುಂದೆ ನಿಲ್ಲಿಸದೆ ಬಸವನಹುಳದ ಚಿಪ್ಪಿನ ಹಾಗೆ ಸುತ್ತುತ್ತಾ ಹೋಗುವುದು. ಸುತ್ತಿನ ಕೊನೆಗೆ ಸ್ಲಿಪ್ ಸ್ಟಿಚ್ ಹಾಕಿ ಸೇರಿಸಬೇಡಿ, ಹಾಕಿದರೆ ಹಣ್ಣಿನ ಮೇಲೆ ಗಾಯದ ಗೆರೆಯ ಹಾಗೆ ಕಾಣುತ್ತದೆ. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಬೇರೆ ಬಣ್ಣದ ದಾರದ ತುಂಡನ್ನು ಅಡ್ಡ ಹಾಕಿ. ಅದೇ ಗುರುತು.

ಸಾದಾ ಎಂದರೆ ಒಂದು ಮನೆಯಲ್ಲಿ ಒಂದು ಸಿಂಗಲ್ ಕ್ರೋಶಾ. ಇನ್‌ಕ್ರೀಸ್ ಎಂದರೆ ಒಂದೇ ಮನೆಯಲ್ಲಿ ಎರಡು ಸ್ಟಿಚ್.

1ನೇ ಸುತ್ತು: ರಿಂಗ್‌ನಲ್ಲಿ 6.
2ನೇ ಸುತ್ತು: ಪ್ರತಿ ಮನೆಯಲ್ಲೂ ಇನ್‌ಕ್ರೀಸ್. ಒಟ್ಟು 12.
3ನೇ ಸುತ್ತು: 1 ಸಾದಾ, 1 ಇನ್‌ಕ್ರೀಸ್, ಹೀಗೆ ಆರು ಸಲ. ಒಟ್ಟು 18.
4ನೇ ಸುತ್ತು: 2 ಸಾದಾ, 1 ಇನ್‌ಕ್ರೀಸ್, ಆರು ಸಲ. ಒಟ್ಟು 24.
5ನೇ ಸುತ್ತು: 3 ಸಾದಾ, 1 ಇನ್‌ಕ್ರೀಸ್, ಆರು ಸಲ. ಒಟ್ಟು 30.
6ನೇ ಸುತ್ತು: 4 ಸಾದಾ, 1 ಇನ್‌ಕ್ರೀಸ್, ಆರು ಸಲ. ಒಟ್ಟು 36.

ಪ್ರತಿ ಸುತ್ತು ಮುಗಿದಾಗ ಎಣಿಸಿ, ಕಾಗದದಲ್ಲಿ ಒಂದು ಗೆರೆ ಎಳೆಯಿರಿ. ಕುಕ್ಕರ್ ಕೂಗಿತು, ಮಗು ಎದ್ದಿತು, ಗೇಟಿನ ಹತ್ತಿರ ಯಾರೋ ಬಂದರು ಎಂದು ಏಳುವಾಗ ಕಡ್ಡಿಯ ಮೇಲಿನ ಕುಣಿಕೆಯನ್ನು ಬೆರಳುದ್ದ ಎಳೆದಿಟ್ಟು ಹೋಗಿ. ಇಲ್ಲದಿದ್ದರೆ ವಾಪಸ್ ಬರುವಷ್ಟರಲ್ಲಿ ಅರ್ಧ ಸುತ್ತು ಬಿಚ್ಚಿರುತ್ತದೆ.

ಲೆಕ್ಕದಲ್ಲಿ ಒಂದು ಕಡಿಮೆ ಬಂದರೆ ಮುಂದಿನ ಸುತ್ತಿನಲ್ಲಿ ಸರಿ ಮಾಡೋಣ ಎಂದು ಹೋಗಬೇಡಿ. ಆ ಸುತ್ತು ಬಿಚ್ಚಿ. ಹೆಚ್ಚು ಕಡಿಮೆ ಯಾವಾಗಲೂ ತಪ್ಪುವುದು ಒಂದೇ ಜಾಗದಲ್ಲಿ: ಗುರುತಿನ ದಾರದ ಕೆಳಗೆ ಅಡಗಿರುವ ಸ್ಟಿಚ್ ಬಿಟ್ಟುಹೋಗಿರುತ್ತದೆ.

ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ ಎದ್ದರೆ ಇನ್‌ಕ್ರೀಸ್ ಜಾಸ್ತಿಯಾಗಿದೆ. ಮೂರನೇ ಸುತ್ತಿಗೇ ಬಟ್ಟಲಾಗಿ ಮಡಿಚಿಕೊಂಡರೆ ಕಡಿಮೆಯಾಗಿದೆ.

## ಹಂತ 5: ಹೊರಮೈ ಯಾವುದು?

7ರಿಂದ 11ನೇ ಸುತ್ತಿನವರೆಗೆ ಸಾದಾ ಸಿಂಗಲ್ ಕ್ರೋಶಾ, ಪ್ರತಿ ಸುತ್ತಿನಲ್ಲೂ 36. ಪೂರ್ತಿ ದುಂಡಗಿನ ಚೆಂಡಿಗಾದರೆ ಇನ್ನೊಂದು ಸುತ್ತು ಬೇಕು. ನಮಗೆ ಚಪ್ಪಟೆ ಕಿತ್ತಳೆ, ಐದೇ ಸಾಕು.

ಇಲ್ಲಿ ತಿರುಗಿಸಿ ನೋಡಿ. ಒಂದು ಮೈಯಲ್ಲಿ ಸ್ಟಿಚ್‌ಗಳು ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದು ನಿಂತಿರುತ್ತವೆ. ಇನ್ನೊಂದರಲ್ಲಿ ಅಡ್ಡ ಗೆರೆಗಳು ಎದ್ದು ಕಾಣುತ್ತವೆ. ಅಡ್ಡ ಗೆರೆಯದ್ದು ಒಳಮೈ. ಬಟ್ಟಲು ತನ್ನಷ್ಟಕ್ಕೆ ಉಲ್ಟಾ ಮಡಿಚಿಕೊಂಡಿರಬಹುದು, ಈಗಲೇ ತಿರುವಿ ಹಾಕಿ. ಫೈಬರ್ ತುಂಬಿದ ಮೇಲೆ ಗೊತ್ತಾದರೆ ಬಿಚ್ಚುವುದೊಂದೇ ದಾರಿ.

## ಹಂತ 6: ಎಲೆ, ತುಂಬುವ ಮೊದಲೇ

ನನ್ನ ಪ್ರಕಾರ ಇದೇ ಮುಖ್ಯವಾದ ಹಂತ. ಎಲ್ಲರೂ ಎಲೆ, ಕಣ್ಣು, ಕಿವಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಗ ಉಂಡೆ ಮುಚ್ಚಿರುತ್ತದೆ, ಗಂಟು ಹೊರಗೇ ಹಾಕಬೇಕು. ಹೊರಗಿನ ಗಂಟು ಮಗುವಿನ ಬೆರಳಿಗೆ ಮೊದಲು ಸಿಗುತ್ತದೆ. 11ನೇ ಸುತ್ತು ಮುಗಿದಾಗ ಬಾಯಿ ಅಗಲವಾಗಿ ತೆರೆದಿರುತ್ತದೆ, ಎರಡು ಬೆರಳು ಒಳಗೆ ಹೋಗುತ್ತವೆ. ಎಲೆ ಹೊಲಿಯುವ ಸಮಯ ಇದು.

ಹಸಿರು ದಾರದಲ್ಲಿ 8 ಚೈನ್ ಹಾಕಿ. ಕಡ್ಡಿಯಿಂದ ಎರಡನೇ ಚೈನ್‌ನಿಂದ ಶುರು: 2 ಸಿಂಗಲ್, 3 ಹಾಫ್ ಡಬಲ್, 2 ಸಿಂಗಲ್. ಹಾಫ್ ಡಬಲ್ ಎಂದರೆ ಮೊದಲೇ ದಾರ ಒಂದು ಸಲ ಸುತ್ತಿಕೊಂಡು ಕಡ್ಡಿ ಹಾಕುವುದು, ಎಳೆದ ಮೇಲೆ ಕಡ್ಡಿಯ ಮೇಲಿನ ಮೂರೂ ಕುಣಿಕೆಗಳೊಳಗಿಂದ ಒಂದೇ ಸಲ ದಾರ ತರುವುದು. ತುದಿ ತಲುಪಿದ ಮೇಲೆ ಒಂದು ಚೈನ್ ಹಾಕಿ, ಅದೇ ಚೈನ್ ಸಾಲಿನ ಇನ್ನೊಂದು ಮಗ್ಗುಲಲ್ಲಿ ಹಾಗೇ ವಾಪಸ್ ಬನ್ನಿ. ಎರಡು ಗೇಣು ದಾರ ಬಿಟ್ಟು ಕತ್ತರಿಸಿ.

ಎಲೆ ನೇತಾಡಬಾರದು. ನೇತಾಡಿದರೆ ನೋಡಲು ಚೆಂದ, ನಿಜ. ಆದರೆ ಮಗು ಅದನ್ನೇ ಹಿಡಿದು ಎಳೆಯುತ್ತದೆ, ಅದನ್ನೇ ಕಚ್ಚುತ್ತದೆ. ನೆತ್ತಿಯ ಪಕ್ಕಕ್ಕೆ ಎಲೆಯನ್ನು ಅಂಗಾತ ಮಲಗಿಸಿ, ಅಂಚಿನ ಸುತ್ತಲೂ ಒಂದೊಂದೇ ಸ್ಟಿಚ್ ಹಿಡಿದು ಹಣ್ಣಿಗೆ ಹೊಲಿಯಿರಿ. ಒಂದು ಸುತ್ತು ಹೊಲಿದು ಅದೇ ದಾರಿಯಲ್ಲಿ ಇನ್ನೊಂದು ಸುತ್ತು.

ಆಮೇಲೆ ದಾರ ಒಳಗೆ ತಂದು ಗಂಟು ಹಾಕಿ. ಗಂಟಿನ ಮೇಲೆ ಪೂರ್ತಿ ಭರವಸೆ ಬೇಡ, ಹೊಳಪಿನ ಕಾಟನ್ ದಾರ ಜಾರುತ್ತದೆ. ಸೂಜಿಯನ್ನು ಒಳಮೈಯ ಅಡ್ಡ ಗೆರೆಗಳ ಕೆಳಗೆ ಎರಡು ಇಂಚು ಒಂದು ದಿಕ್ಕಿಗೆ, ವಾಪಸ್ ಎರಡು ಇಂಚು, ಮತ್ತೆ ಅಡ್ಡಕ್ಕೆ ಓಡಿಸಿ ಕತ್ತರಿಸಿ. ಮ್ಯಾಜಿಕ್ ರಿಂಗ್‌ನ ಬಾಲಕ್ಕೂ ಇದೇ ಉಪಚಾರ, ಅದನ್ನು ಮೊದಲು ರಿಂಗ್ ಸುತ್ತ ಇನ್ನೊಮ್ಮೆ ಸುತ್ತಿಸಿ.

ಈಗ ಹಣ್ಣನ್ನು ಒಂದು ಕೈಯಲ್ಲಿ ಹಿಡಿದು, ಎಲೆಯ ತುದಿಯನ್ನು ಉಗುರಿನಿಂದ ಎಬ್ಬಿಸಲು ನೋಡಿ. ಉಗುರು ಒಳಗೆ ಹೋದರೆ ಅಲ್ಲಿ ಇನ್ನೊಂದು ಹೊಲಿಗೆ ಬೇಕು.

## ಹಂತ 7: ಇಳಿಸುವುದು ಮತ್ತು ತುಂಬುವುದು

ಡಿಕ್ರೀಸ್ ಎಂದರೆ ಎರಡು ಸ್ಟಿಚ್ ಸೇರಿ ಒಂದಾಗುವುದು. ಇಡೀ ಸ್ಟಿಚ್ ಹಿಡಿದರೆ ಪಕ್ಕದಲ್ಲಿ ತೂತು ಬೀಳುತ್ತದೆ. ಮುಂದಿನ ಎರಡೂ ಸ್ಟಿಚ್‌ಗಳಲ್ಲಿ ನಿಮ್ಮ ಕಡೆಗಿರುವ ಎಳೆಯನ್ನು ಮಾತ್ರ ಕಡ್ಡಿಗೆ ಏರಿಸಿ, ಎರಡರೊಳಗಿಂದಲೂ ದಾರ ತಂದು, ಆಮೇಲೆ ಮಾಮೂಲಿ ಸಿಂಗಲ್ ಕ್ರೋಶಾ ಮುಗಿಸಿ. ಎಲ್ಲಿ ಇಳಿಸಿದ್ದೀರಿ ಎಂದು ಹುಡುಕಿದರೂ ಕಾಣುವುದಿಲ್ಲ.

12ನೇ ಸುತ್ತು: 4 ಸಾದಾ, 1 ಡಿಕ್ರೀಸ್, ಆರು ಸಲ. ಒಟ್ಟು 30.
13ನೇ ಸುತ್ತು: 3 ಸಾದಾ, 1 ಡಿಕ್ರೀಸ್, ಆರು ಸಲ. ಒಟ್ಟು 24.
14ನೇ ಸುತ್ತು: 2 ಸಾದಾ, 1 ಡಿಕ್ರೀಸ್, ಆರು ಸಲ. ಒಟ್ಟು 18.

ಇಲ್ಲಿ ನಿಲ್ಲಿಸಿ ತುಂಬಿ. ಫೈಬರನ್ನು ಮುದ್ದೆ ಮಾಡಿ ತುರುಕಬೇಡಿ. ಚೂರು ಚೂರೇ ತೆಗೆದು, ಬೆರಳಿನಲ್ಲಿ ಬಿಡಿಸಿ, ಮೊದಲು ಗೋಡೆಗಳ ಸುತ್ತ, ಆಮೇಲೆ ನಡುವಿಗೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ತಗ್ಗು ತಾನಾಗಿ ಮೇಲೆ ಬರಬೇಕು. ಬರದಿದ್ದರೆ ಸಾಲದು. ಸ್ಟಿಚ್‌ಗಳ ನಡುವೆ ಬಿಳಿ ಕಂಡರೆ ಜಾಸ್ತಿಯಾಗಿದೆ, ಸ್ವಲ್ಪ ತೆಗೆಯಿರಿ.

15ನೇ ಸುತ್ತು: 1 ಸಾದಾ, 1 ಡಿಕ್ರೀಸ್, ಆರು ಸಲ. ಒಟ್ಟು 12. ಪೆನ್ಸಿಲ್ ಹಿಂಬದಿಯಿಂದ ಇನ್ನೊಂದು ಚಿಟಿಕೆ ಫೈಬರ್ ತಳ್ಳಿ.
16ನೇ ಸುತ್ತು: ಆರು ಡಿಕ್ರೀಸ್. ಒಟ್ಟು 6.

## ಹಂತ 8: ಮುಚ್ಚುವುದು

ಎರಡು ಗೇಣು ದಾರ ಬಿಟ್ಟು ಕತ್ತರಿಸಿ ಸೂಜಿಗೆ ಪೋಣಿಸಿ. ಉಳಿದ ಆರು ಸ್ಟಿಚ್‌ಗಳ ಹೊರಗಿನ ಎಳೆಗಳಲ್ಲಿ ಸೂಜಿ ತೂರಿಸಿ ಎಳೆದರೆ ಬಾಯಿ ಮುಚ್ಚುತ್ತದೆ. ಇದೇ ದಾರಿಯಲ್ಲಿ ಇನ್ನೊಂದು ಸಲ.

ಆಮೇಲೆ ಸೂಜಿಯನ್ನು ಕೆಳಗಿನ ನಡುವಿನಿಂದ ನೇರ ನೆತ್ತಿಗೆ ತನ್ನಿ. ನೆತ್ತಿಯಲ್ಲಿ ಒಂದು ಸ್ಟಿಚ್ ದಾಟಿ ಮತ್ತೆ ಕೆಳಕ್ಕೆ. ಮೆಲ್ಲಗೆ ಎಳೆದರೆ ಎರಡೂ ಕಡೆ ಗುಳಿ ಬಿದ್ದು ಉಂಡೆ ಥಟ್ಟನೆ ಕಿತ್ತಳೆಯಾಗುತ್ತದೆ. ಕೆಳಗಿನ ಗುಳಿಯೊಳಗೆ ಒಂದು ಗಂಟು ಹಾಕಿ, ಸೂಜಿಯನ್ನು ಹಣ್ಣಿನೊಳಗೆ ಮೂರು ಬೇರೆ ಬೇರೆ ದಿಕ್ಕಿಗೆ ಹಾಯಿಸಿ, ದಾರವನ್ನು ಸ್ವಲ್ಪ ಎಳೆದು ಹಿಡಿದು ಕತ್ತರಿಸಿ. ತುದಿ ತಾನಾಗಿ ಒಳಗೆ ಹೋಗುತ್ತದೆ.

ಹಣ್ಣು ಸುಮಾರು 6ರಿಂದ 7 ಸೆಂಮೀ ಅಗಲ ಬರುತ್ತದೆ. ತೆಳು ದಾರ, ಚಿಕ್ಕ ಕಡ್ಡಿ ಬಳಸಿ 4.5 ಸೆಂಮೀಗಿಂತ ಚಿಕ್ಕದಾಗಿದ್ದರೆ ಕೀ ಚೈನ್ ಮಾಡಿಕೊಳ್ಳಿ, ಮಗುವಿಗೆ ಕೊಡಬೇಡಿ. ಈಗ ಸೂಜಿ, ಪಿನ್ ಎಣಿಸಿ.

## ಹಂತ 9: ಒಗೆದು ಒಣಗಿಸುವುದು

ಕೊಡುವ ಮೊದಲು ಒಂದು ಸಲ ಒಗೆಯಲೇಬೇಕು. ಕೊಡಗಿನಲ್ಲಿ ಒಗೆಯುವುದು ಸುಲಭ, ಒಣಗಿಸುವುದು ಕಷ್ಟ. ಹೊರಗೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಫೈಬರ್ ಇನ್ನೂ ಒದ್ದೆ. ನಾಲ್ಕು ದಿನ ಬಿಟ್ಟರೆ ಮುಗ್ಗಲು ವಾಸನೆ.

ತಕ್ಕಡಿ ಕೇಳಿದ್ದು ಇದಕ್ಕೇ. ಒಗೆಯುವ ಮೊದಲು ಹಣ್ಣನ್ನು ತೂಗಿ ಬರೆದಿಡಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಚೆನ್ನಾಗಿ ಜಾಲಿಸಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಈರುಳ್ಳಿ ಬರುವ ಬಲೆಚೀಲವನ್ನು ತೊಳೆದು ಅದರಲ್ಲಿ ಹಾಕಿ ಫ್ಯಾನಿನ ಎದುರು ತೂಗುಹಾಕಿ, ದಿನಕ್ಕೆ ಎರಡು ಸಲ ತಿರುಗಿಸಿ. ತೂಕ ಮೊದಲಿನಷ್ಟಕ್ಕೇ, ಒಂದೆರಡು ಗ್ರಾಂ ಆಚೀಚೆ, ಬಂದರೆ ಒಣಗಿದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ, ಆದರೆ ಹಣ್ಣಿಗೆ ಅಲ್ಲಿ ಹೊಗೆಗೆ ಇಟ್ಟ ಹಂದಿಮಾಂಸದ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಬಂದಿತ್ತು.

ಸಾಧ್ಯವಾದರೆ ಎರಡು ಹಣ್ಣು ಮಾಡಿ. ಒಂದು ಒಣಗುತ್ತಿರುವಾಗ ಇನ್ನೊಂದು ಮಗುವಿನ ಕೈಯಲ್ಲಿ.

## ಯಾವಾಗ ವಾಪಸ್ ತೆಗೆದುಕೊಳ್ಳಬೇಕು

ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ನೋಡಿ. ಎಲೆಯ ಅಂಚು ಎದ್ದಿದೆ, ಎಲ್ಲಾದರೂ ದಾರದ ತುದಿ ಹೊರಗೆ ಬಂದಿದೆ, ಒಂದು ಸ್ಟಿಚ್ ತುಂಡಾಗಿದೆ, ಬಿಳಿ ಕಾಣುತ್ತಿದೆ, ಒಗೆದರೂ ವಾಸನೆ ಹೋಗುತ್ತಿಲ್ಲ. ಇದರಲ್ಲಿ ಯಾವುದೇ ಒಂದು ಕಂಡರೂ ತೆಗೆದಿಡಿ. ಎದ್ದ ಎಲೆ, ಹೊರಬಂದ ತುದಿಯನ್ನು ಸರಿ ಮಾಡಬಹುದು. ತುಂಡಾದ ಸ್ಟಿಚ್ ಮತ್ತು ವಾಸನೆಗೆ ಮದ್ದಿಲ್ಲ, ಹೊಸದು ಮಾಡಿ.

ಹಣ್ಣಿಗೆ ದಾರ ಕಟ್ಟಿ ತೊಟ್ಟಿಲಿಗೆ ನೇತುಹಾಕಬೇಡಿ. ಅಜ್ಜಿಯರು ಹೇಳಿದರೂ ಬೇಡ. ಕೈಗೆ ಎಟುಕುವ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಮೆತ್ತನೆಯ ಆಟಿಕೆ ಇಡಬಾರದು ಎನ್ನುತ್ತಾರೆ ಮಕ್ಕಳ ವೈದ್ಯರು. ಎದ್ದಿರುವಾಗ, ದೊಡ್ಡವರ ಕಣ್ಣೆದುರು ಆಡಲಿ.

ಚೆನ್ನಾಗಿ ಬಂದಿದೆ, ಸಂತೆಯಲ್ಲಿ ಇಟ್ಟು ಮಾರೋಣ ಅನ್ನಿಸಿದರೆ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಮನೆಯ ಮಗುವಿಗೆ ಮಾಡಿಕೊಡಲು ಇದ್ಯಾವುದೂ ಬೇಕಿಲ್ಲ.

## ಆನೆ ಮಾಡಲೇಬೇಕು ಎನ್ನುವವರಿಗೆ

ಎರಡು ಕಿತ್ತಳೆ ಮಾಡಿ, ಅವು ಒಂದು ತಿಂಗಳು ಮಗುವಿನ ಕೈಯಲ್ಲಿ ಉಳಿದರೆ ಆನೆಗೆ ಹೋಗಬಹುದು. ತಲೆ ಮತ್ತು ಹೊಟ್ಟೆ ಒಂದೇ ತುಂಡಾಗಿ ಬರುವ ಮಾದರಿ ಹುಡುಕಿ: ತಲೆಯನ್ನು 18ರವರೆಗೆ ಇಳಿಸಿ, ಅಲ್ಲಿಂದಲೇ ಹೊಟ್ಟೆಗೆ ಮತ್ತೆ ಏರಿಸುವಂಥದ್ದು. ಕುತ್ತಿಗೆ ಎಂಬ ಜೋಡಣೆಯೇ ಇರುವುದಿಲ್ಲ. ಕಣ್ಣಿಗೆ ಗುಂಡಿ, ಮಣಿ, ಪ್ಲಾಸ್ಟಿಕ್ ಯಾವುದೂ ಬೇಡ, ಕಪ್ಪು ದಾರದಲ್ಲಿ ಕಸೂತಿ ಸಾಕು. ಕಣ್ಣು, ಕಿವಿ, ಸೊಂಡಿಲು ಮೂರನ್ನೂ ತಲೆ ತುಂಬುವ ಮೊದಲೇ ಹೊಲಿದು ಗಂಟು ಒಳಗೆ ಹಾಕಿ, ಎಲೆಗೆ ಹಾಕಿದ ಹಾಗೇ.

ಬಾಲವನ್ನು ಹಿಂದುಗಡೆ ಕಸೂತಿಯಲ್ಲೇ ಬಿಡಿಸಿ. ತಂಗಿಯ ಮಗ ಈಗ ಶಾಲೆಗೆ ಹೋಗುತ್ತಾನೆ. ನಾನು ಮಾತ್ರ ಇವತ್ತಿಗೂ ಯಾವ ಆನೆಗೂ ಬಾಲ ಹೊಲಿಯುವುದಿಲ್ಲ.